ಪಟ್ಟಣದ ಕಸದ ಗೊಬ್ಬರ: ಕೊಳ್ಳುವ ಮುನ್ನ ಪರೀಕ್ಷಿಸಿರಿ

ಹಿಂದೆ ಪಟ್ಟಣದ ಕಸವೆಂದರೆ ಬೂದಿ, ತರಕಾರಿ ಸಿಪ್ಪೆ, ಲದ್ದಿ, ಒಣಗಿದ ಎಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾ. ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ 'ಬೆಂಗಳೂರು ಪದ್ಧತಿ' ಅಂತಹ ಕಸಕ್ಕೆಂದೇ ಹೇಳಿ ಮಾಡಿಸಿದಂತಿತ್ತು. ಈಗಿನ ಕಸದಲ್ಲಿ ಪ್ಲಾಸ್ಟಿಕ್, ಗಾಜು, ಬ್ಯಾಟರಿ ಸೆಲ್ಲು, ಬಣ್ಣದ ಡಬ್ಬಿಗಳೂ ಸೇರುತ್ತವೆ.

ಕಸವನ್ನು ಗೊಬ್ಬರವಾಗಿಸಲು 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಬೆಂಗಳೂರು ನಗರಪಾಲಿಕೆ ಮತ್ತು ಕೃಷಿ ಕೈಗಾರಿಕಾ ನಿಗಮದೊಡನೆ ರಾಜ್ಯ ಸಹಕಾರ ಮಾರಾಟ ಮಹಾಮಂಡಳವೂ ಅದರ ಪಾಲುದಾರ. ಮಹಾಮಂಡಳದ ಸದಸ್ಯರು ಸಹಕಾರ ಸಂಘಗಳು. ಅಂದರೆ ಕಸ ಕೊಡುವ ಪಟ್ಟಣವೂ ಗೊಬ್ಬರ ಕೊಳ್ಳುವ ರೈತನೂ ಒಂದೇ ಸಂಸ್ಥೆಯಲ್ಲಿ ಪಾಲು ಪಡೆದರು. ಈ ಏರ್ಪಾಡಿನ ಬೆಲೆಯನ್ನು ನಾವು ಸಾಕಷ್ಟು ಅರಿತಿಲ್ಲವೆಂದೇ ಹೇಳಬೇಕು.

ಹಸಿ ಕಸ, ಒಣ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ನಿಯಮಗಳು ವಿಧಿಸಿದವು. ಬೇರ್ಪಡಿಸದ ಕಸ ಎಲ್ಲಿಗೆ ಹೋಗುತ್ತದೆಂಬುದನ್ನು ಮಾವಳ್ಳಿಪುರ, ಮಂಡೂರಿನ ಜನ ಬಲ್ಲರು. ಬೆಂಗಳೂರಿನ ಕಸ ಅವರ ಊರಿನ ಮಗ್ಗುಲಲ್ಲೇ ಗುಡ್ಡೆಯಾಯಿತು. ಅದೇ ಕಸ ಗೊಬ್ಬರದ ಹೆಸರಿನಲ್ಲಿ ಹೊಲಕ್ಕೂ ಬರಬಹುದು. ಗಾಜಿನ ಚೂರನ್ನು ಆರಿಸಿ ತೆಗೆಯಬಹುದು. ಸೀಸ, ಕ್ಯಾಡ್ಮಿಯಂಗಳನ್ನು ತೆಗೆಯಲಾಗದು. ಇವು ಕಣ್ಣಿಗೆ ಕಾಣವು, ಮಣ್ಣಿನಿಂದ ಹೋಗವು. ಕ್ಯಾಡ್ಮಿಯಂ ಸೊಪ್ಪು ತರಕಾರಿಯ ಮೂಲಕ ಊಟಕ್ಕೇ ಬರುತ್ತದೆ.

ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪಟ್ಟಣದ ಕಾಂಪೋಸ್ಟಿನಲ್ಲಿ ಸಾರಜನಕ ಕನಿಷ್ಠ ಶೇ. 0.8, ರಂಜಕ ಮತ್ತು ಪೊಟ್ಯಾಷ್ ತಲಾ ಶೇ. 0.4 ಇರಬೇಕು. ಟನ್ನಿಗೆ 8 ಕಿಲೋ ಸಾರಜನಕವೆಂದಾಯಿತು. ಸೀಸ ಕಿಲೋಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ತೇವಾಂಶ ಶೇ. 15ರಿಂದ 25. ಶೇ. 45 ತೇವವಿರುವ 10 ಟನ್ ಲೋಡನ್ನು ಕೊಂಡರೆ ಮಿತಿಗಿಂತ 2 ಟನ್ ಹೆಚ್ಚು ನೀರಿಗೆ ಬಾಡಿಗೆ ತೆತ್ತಂತೆ!

ಗೊಬ್ಬರ ಕಳಿತಿದೆಯೇ ಎಂದು ನೀವೇ ತಿಳಿಯಬಹುದು. ಒಂದು ಹಿಡಿ ಗೊಬ್ಬರವನ್ನು ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನೆರಳಿನಲ್ಲಿ ಮೂರು ದಿನ ಇಡಿರಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಸರಿ; ದುರ್ನಾತ ಬಂದರೆ ಅದು ಇನ್ನೂ ಹಸಿ. ಅಂತಹುದನ್ನು ಹಾಕಿದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಪೈರು ಹಳದಿಗಟ್ಟುತ್ತದೆ. ಎರಡು ಕುಂಡಗಳಲ್ಲಿ, ಒಂದಕ್ಕೆ ಬರಿ ಮಣ್ಣು, ಇನ್ನೊಂದಕ್ಕೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಎಣಿಸಿ ರಾಗಿ ಬಿತ್ತಿ ಮೊಳಕೆಗಳನ್ನು ಹೋಲಿಸಿ ನೋಡುವುದೂ ಒಳ್ಳೆಯದು.

ಲೋಹಗಳಿಗೆ ಮಾತ್ರ ಪ್ರಯೋಗಾಲಯವೇ ಗತಿ. ಒಂದು ಗಾಡಿ ಕೊಳ್ಳುವ ಒಬ್ಬ ರೈತ ಪರೀಕ್ಷಾ ವರದಿ ಕೇಳಿದರೆ ಮಾರುವವರು ನಕ್ಕು ಸುಮ್ಮನಾದಾರು. ಸಂಘದ ಮೂಲಕ ಹತ್ತು ಲೋಡಿಗೆ ಬೇಡಿಕೆ ಕಳುಹಿಸಿ, ವರದಿ ಬಂದ ಮೇಲೆಯೇ ಹಣವೆಂದರೆ ಮಾತು ಬೇರೆ. ಗಾಜು ಕಂಡ ಲೋಡನ್ನು ಇಳಿಸಿಕೊಳ್ಳದೆ ವಾಪಸು ಕಳುಹಿಸಿರಿ. ಒಳ್ಳೆಯ ಗೊಬ್ಬರ ಮಾಡುವ ಘಟಕಕ್ಕೂ ಇದರಿಂದ ಅನುಕೂಲವೇ; ಬೆರಕೆ ಮಾಲು ಅಗ್ಗದಲ್ಲಿ ಮಾರಾಟವಾಗುವವರೆಗೆ ಅವರ ಶ್ರಮಕ್ಕೆ ಬೆಲೆ ಸಿಗದು.

ಇಳಿಸಿಕೊಂಡ ಪ್ರತಿ ಲೋಡಿನಿಂದ ಒಂದು ಕಿಲೋ ಮಾದರಿ ತೆಗೆದು, ದಿನಾಂಕ ಬರೆದು, ಮೊಹರು ಮಾಡಿ ರಸೀದಿಯೊಡನೆ ಸಂಘದಲ್ಲಿ ಇಟ್ಟಿರಿ. ಸಂಶಯವಿದ್ದಲ್ಲಿ ಗೊಬ್ಬರವನ್ನು ಹೊಲಕ್ಕೆ ಎರಚುವ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡಿರಿ.