ದಾಳಿಂಬೆಯ ಸಮುದ್ರಯಾನ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ನಮ್ಮ ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ಸೀಮೆಗೆ ಸೇರಿದವುಗಳು. ಇಲ್ಲಿನ ಬೇಸಾಯಗಾರರಿಗೆ ಕಡಲೆಕಾಯಿಯು ಬಹುಕಾಲದಿಂದಲೂ ಆಧಾರವಾದ ಬೆಳೆ. ಈಚಿನ ವರ್ಷಗಳಲ್ಲಿ ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಬಳಸಿ ದಾಳಿಂಬೆಯನ್ನು ಬೆಳೆಯುವ ಪದ್ಧತಿಯೂ ರೂಢಿಗೆ ಬಂದಿದೆ. ಇಲ್ಲಿನ ಒಣಹವೆಯು ಆ ಗಿಡಕ್ಕೆ ಹಿತಕರವಾದುದು. ಆದರೆ ಎರಡು ಬೆಳೆಗಳಿಗೂ ಒಂದು ದೊಡ್ಡ ಭೇದವುಂಟು. ಕಡಲೆಕಾಯಿಯನ್ನು ಚೀಲದಲ್ಲಿ ತುಂಬಿಟ್ಟು ಒಳ್ಳೆಯ ಧಾರಣೆ ಬರುವವರೆಗೂ ಕಾದಿರಬಹುದು. ದಾಳಿಂಬೆಯನ್ನು ಹಾಗೆ ಇಟ್ಟುಕೊಂಡಿರಲಾಗದು. ಹಣ್ಣನ್ನು ಹಡಗಿನಲ್ಲಿ ಪರದೇಶಕ್ಕೆ ಕಳುಹಿಸಿದರೆ ಹೆಚ್ಚಿನ ಬೆಲೆ ದೊರೆಯುವುದೆಂಬ ಮಾತು ಈಗ ಕೇಳಿಬರುತ್ತಿರುವುದರಿಂದ, ಅದರಲ್ಲಿ ಲಾಭವೆಷ್ಟು, ಅಪಾಯವೆಷ್ಟು ಎಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಕೆಡುವ ಪದಾರ್ಥವು ಸಮುದ್ರವನ್ನು ದಾಟಬಲ್ಲುದೆಂಬುದು ಹೊಸ ಸಂಗತಿಯಲ್ಲ. ೧೮೮೨ನೆಯ ಫೆಬ್ರವರಿ ೧೫ರಂದು ‘ಡುನೀಡಿನ್’ ಎಂಬ ಹಾಯಿಹಡಗು ನ್ಯೂಜಿಲೆಂಡಿನ ಪೋರ್ಟ್ ಚಾಮರ್ಸ್ ರೇವಿನಿಂದ ಸುಮಾರು ೫,೦೦೦ ಕುರಿಗಳ ಹೆಪ್ಪುಗಟ್ಟಿಸಿದ ಮಾಂಸವನ್ನು ಹೊತ್ತು ಹೊರಟು, ೯೮ ದಿನಗಳ ತರುವಾಯ ಲಂಡನ್ ನಗರವನ್ನು ಸೇರಿತು. ಉಷ್ಣವಲಯದಲ್ಲಿ ಗಾಳಿ ಬೀಸದೆ ಹಡಗು ನಿಂತಿದ್ದಾಗ, ಶೀತಲ ವಾಯುವು ಉಗ್ರಾಣದಲ್ಲಿ ಸರಿಯಾಗಿ ಹರಡುತ್ತಿಲ್ಲವೆಂದು ಕಂಡುಬಂದಿತು. ಕಪ್ತಾನ ವಿಟ್ಸನ್ ಎಂಬಾತನು ಸ್ವತಃ ಒಳಗೆ ತೆವಳಿ ಹೋಗಿ, ವಾಯು ಸಂಚಾರಕ್ಕೆ ಹೊಸ ರಂಧ್ರಗಳನ್ನು ಕೊರೆದನು. ಚಳಿಯಿಂದ ಮೂರ್ಛೆ ಹೋಗುತ್ತಿದ್ದ ಆತನನ್ನು ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆಯಬೇಕಾಯಿತು. ಕಡೆಗೆ ಅಷ್ಟು ಮಾಂಸದಲ್ಲಿ ಕೆಟ್ಟಿದ್ದುದು ಒಂದೇ ಒಂದು ಕುರಿಯದು. ಶೈತ್ಯವನ್ನು ಉಂಟುಮಾಡಿದರೆ ಸಾಲದು, ಅದು ಎಲ್ಲ ಮೂಲೆಗಳಿಗೂ ಹರಿಯಬೇಕೆಂಬ ಪಾಠವು ಇಂದಿಗೂ ಅನ್ವಯಿಸತಕ್ಕುದಾಗಿದೆ.

ಮಾಂಸ, ಮೀನು ಮೊದಲಾದುವನ್ನು ಶೂನ್ಯಕ್ಕಿಂತ ೧೮ ಡಿಗ್ರಿ ಸೆಂಟಿಗ್ರೇಡ್ ಕೆಳಗೆ ಹೆಪ್ಪುಗಟ್ಟಿಸಿ ಒಯ್ಯುವರು. ಇಡೀ ದಾಳಿಂಬೆಯನ್ನು ಹೀಗೆ ಮಾಡಬಾರದು. ಹಣ್ಣಿನೊಳಗಣ ನೀರು ಮಂಜಿನ ಹರಳಾದರೆ ಜೀವಕೋಶಗಳು ಒಡೆದು, ಕರಗಿದ ಮೇಲೆ ಹಣ್ಣು ಮೆತ್ತಗಾಗುವುದು. ಕಿತ್ತ ಹಣ್ಣಿಗೂ ಜೀವವುಂಟು, ಉಸಿರಾಟವುಂಟು. ಅದು ತನ್ನಲ್ಲಿರುವ ಸಕ್ಕರೆಯನ್ನೇ ವ್ಯಯಮಾಡಿ ಶಾಖವನ್ನೂ ನೀರಿನ ಆವಿಯನ್ನೂ ಹೊರಬಿಡುತ್ತದೆ. ಉಷ್ಣತೆಯು ೧೦ ಡಿಗ್ರಿ ಏರಿದರೆ ಈ ಉಸಿರಾಟದ ವೇಗವು ಎರಡರಿಂದ ಮೂರು ಪಟ್ಟಾಗುವುದು. ಆದಕಾರಣ ಹಣ್ಣನ್ನು ಕೊಲ್ಲದೆ ನಿದ್ರೆಗೊಳಿಸುವುದೇ ಇಲ್ಲಿನ ಉಪಾಯ. ದಾಳಿಂಬೆಗೆ ೫ರಿಂದ ೭ ಡಿಗ್ರಿ ಉಷ್ಣತೆಯೂ, ನೂರಕ್ಕೆ ೯೦ರಿಂದ ೯೫ರಷ್ಟು ತೇವವುಳ್ಳ ಗಾಳಿಯೂ ಯುಕ್ತವಾದುವು. ಇದಕ್ಕಿಂತ ಹೆಚ್ಚು ತಣ್ಣಗಾಗಿ ಬಹುದಿನವಿದ್ದರೆ ಸಿಪ್ಪೆಯು ಕಂದುತ್ತದೆ. ಗಾಳಿಯು ಒಣಗಿದರೆ ಸಿಪ್ಪೆಯು ಚರ್ಮದಂತೆ ಗಡುಸಾಗುತ್ತದೆ.

ಈ ಕ್ರಮವನ್ನು ಅನುಸರಿಸಿ ನಮ್ಮ ದೇಶದಲ್ಲಿ ನಡೆಸಿದ ಪ್ರಯತ್ನಗಳು ಫಲಿಸಿವೆ. ಮಹಾರಾಷ್ಟ್ರದ ಸೋಲಾಪುರ ಸೀಮೆಯ ೫.೭ ಟನ್ ದಾಳಿಂಬೆಯು ತಲಾ ೩ ಕಿಲೋ ತೂಕದ ೧,೯೦೦ ಪೆಟ್ಟಿಗೆಗಳಲ್ಲಿ ೨೦೨೪ನೆಯ ಡಿಸೆಂಬರ್ ೬ರಂದು ಹೊರಟು, ೨೦೨೫ನೆಯ ಜನವರಿ ೧೩ರಂದು ಆಸ್ಟ್ರೇಲಿಯದ ಸಿಡ್ನಿಯನ್ನು ತಲಪಿತು. ಅದೇ ವರ್ಷದ ಮಾರ್ಚಿಯಲ್ಲಿ ಸುಮಾರು ೧೪ ಟನ್ ‘ಭಗವಾ’ ಹಣ್ಣು ಐದು ವಾರಗಳ ಪ್ರಯಾಣದ ಬಳಿಕ ಅಮೆರಿಕದ ನ್ಯೂಯಾರ್ಕನ್ನು ಸೇರಿತು. ವಿಮಾನದ ಸಾಗಣೆಗಿಂತ ಹಡಗಿನ ಸಾಗಣೆಯ ವೆಚ್ಚವು ಬಹಳ ಕಡಮೆ. ಇದೇ ಇದರಲ್ಲಿರುವ ಆಕರ್ಷಣೆ. ನಮ್ಮ ಸೀಮೆಯಲ್ಲಿಯೂ ಭಗವಾ ತಳಿಯೇ ಬೆಳೆಯುತ್ತಿರುವುದರಿಂದ ಈ ದಾರಿಯು ನಮಗೂ ತೆರೆದಿದೆ.

ಇನ್ನು ಶೀತಲ ಪೆಟ್ಟಿಗೆಯ ವಿಚಾರ. ೪೦ ಅಡಿ ಉದ್ದದ ಈ ಕಂಟೇನರಿನ ಒಂದು ತುದಿಯಲ್ಲಿ ಯಂತ್ರವಿರುತ್ತದೆ. ತಂಪಾದ ಗಾಳಿಯು ನೆಲದ ಗಾಡಿಗಳ ಮೂಲಕ ಹರಿದು, ಹಣ್ಣಿನ ಪೆಟ್ಟಿಗೆಗಳ ನಡುವೆ ಮೇಲೇರಿ, ಯಂತ್ರಕ್ಕೆ ಹಿಂದಿರುಗುತ್ತದೆ. ಗೋಡೆಯ ಮೇಲಿನ ಕೆಂಪು ಗೆರೆಯನ್ನು ಮೀರಿ ಸರಕನ್ನು ಪೇರಿಸಿದರೆ ಈ ಗಾಳಿಯ ದಾರಿಯು ಮುಚ್ಚಿಹೋಗುವುದು. ಮುಖ್ಯವಾಗಿ ತಿಳಿಯಬೇಕಾದ ಸಂಗತಿಯೆಂದರೆ, ಈ ಯಂತ್ರವು ತಣ್ಣಗಿರುವ ಹಣ್ಣನ್ನು ತಣ್ಣಗೆ ಇಡಲೆಂದು ರಚಿತವಾದುದೇ ಹೊರತು, ಬಿಸಿಯಾದ ಹಣ್ಣನ್ನು ಬೇಗನೆ ತಣಿಸಲೆಂದು ಅಲ್ಲ. ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಕಿತ್ತ ಹಣ್ಣನ್ನು ಹಾಗೆಯೇ ತುಂಬಿದರೆ ಅದು ತಣಿಯುವುದಕ್ಕೆ ದಿನಗಟ್ಟಲೆ ಹಿಡಿದು, ಅಷ್ಟರಲ್ಲಿ ಬೂಷ್ಟು ಬೇರೂರಿರುತ್ತದೆ. ಹಡಗಿನಲ್ಲಿ ಕೆಟ್ಟಿತೆಂದು ಹೇಳುವ ಹಣ್ಣು ಅನೇಕ ವೇಳೆ ತೋಟದಲ್ಲಿಯೇ ಕೆಡಲಾರಂಭಿಸಿರುತ್ತದೆ.

ಆದುದರಿಂದ ಬೇಸಾಯಗಾರರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡತಕ್ಕುದು:

೧. ದಾಳಿಂಬೆಯು ಬಾಳೆ, ಮಾವುಗಳಂತೆ ಕಿತ್ತ ಮೇಲೆ ಮಾಗುವುದಿಲ್ಲ. ಹುಳಿಯಾಗಿ ಕಿತ್ತುದು ಹುಳಿಯಾಗಿಯೇ ಉಳಿಯುವುದು. ಹೂವಾದ ಬಳಿಕ ಸುಮಾರು ಆರು ತಿಂಗಳು ತುಂಬಿ, ಪೂರ್ಣ ಬಲಿತುದನ್ನೇ ಕೀಳಬೇಕು.

೨. ಬೆಳಗಿನ ತಂಪಿನಲ್ಲಿ ಕತ್ತರಿಯಿಂದ ತೊಟ್ಟನ್ನು ಕತ್ತರಿಸಿ, ನೆರಳಿಗೆ ಒಯ್ದು, ಅದೇ ದಿನ ಶೀತಗೃಹಕ್ಕೆ ಮುಟ್ಟಿಸಬೇಕು.

೩. ಒಡೆದ, ಬಿಸಿಲಿಗೆ ಬೆಂದ, ದುಂಡಾಣು ಅಂಗಮಾರಿಯ ಚುಕ್ಕೆಯುಳ್ಳ, ಹುಳು ಕೊರೆದ ಹಣ್ಣುಗಳನ್ನು ಬೇರ್ಪಡಿಸಬೇಕು. ಗಾತ್ರಕ್ಕೆ ತಕ್ಕ ತೂಕವಿಲ್ಲದ ಹಣ್ಣಿನ ಒಳಗೆ ಕಪ್ಪು ಕೊಳೆಯಿರಬಹುದು. ಒಂದು ಹಣ್ಣಿನ ಬೂಷ್ಟು ನೆರೆಯ ಹಣ್ಣುಗಳಿಗೂ ಹಬ್ಬುವುದು.

೪. ಔಷಧಿ ಸಿಂಪಡಿಸಿದ ದಿನ, ಹೆಸರು, ಪ್ರಮಾಣಗಳನ್ನು ಬರೆದಿಡಬೇಕು. ಹಣ್ಣಿನಲ್ಲಿ ಉಳಿದ ವಿಷಾಂಶವು ಕೊಳ್ಳುವ ದೇಶದ ಮಿತಿಯನ್ನು ಮೀರಿದರೆ ಇಡೀ ಸರಕು ರೇವಿನಲ್ಲಿಯೇ ತಿರಸ್ಕೃತವಾಗುವುದು. ಸಸ್ಯಾರೋಗ್ಯ ಪತ್ರವು ಅವಶ್ಯಕ. ಅಮೆರಿಕಕ್ಕೆ ಹೋಗುವ ಹಣ್ಣಿಗೆ ಕೀಟನಿವಾರಣಾರ್ಥವಾಗಿ ಕಿರಣ ಸಂಸ್ಕಾರವೂ ಆಗಬೇಕು.

ಪರದೇಶಕ್ಕೆ ತಕ್ಕುದಲ್ಲದ ಹಣ್ಣು ನಿರುಪಯುಕ್ತವೆಂದು ತಿಳಿಯಬಾರದು. ಸಿಪ್ಪೆಗೆ ಮಾತ್ರ ಕುಂದು ಬಂದು ಒಳಗೆ ಶುದ್ಧವಾಗಿರುವ ಹಣ್ಣಿನ ಕಾಳುಗಳನ್ನು ಬಿಡಿಸಿ, ಬಿಡಿಬಿಡಿಯಾಗಿ ಶೀಘ್ರದಲ್ಲಿ ಹೆಪ್ಪುಗಟ್ಟಿಸಿ ಮಾರುವ ಉದ್ಯಮವುಂಟು. ಶೀಘ್ರವಾಗಿ ಹೆಪ್ಪುಗಟ್ಟಿದಾಗ ಮಂಜಿನ ಹರಳುಗಳು ಸಣ್ಣವಾಗಿದ್ದು, ಕಾಳಿನ ಆಕಾರವು ಬಹುಮಟ್ಟಿಗೆ ಉಳಿಯುತ್ತದೆ.

ನಮ್ಮಲ್ಲಿ ಬೆಳೆಯುವ ಈರುಳ್ಳಿಯ ಸ್ವಭಾವವು ಇದಕ್ಕೆ ವಿರುದ್ಧವಾದುದು. ಅದಕ್ಕೆ ಬೇಕಾದುದು ಒಣಗಾಳಿ; ದಾಳಿಂಬೆಗೆ ಹಿತವಾದ ತೇವದಲ್ಲಿ ಅದು ಬೇರು ಬಿಟ್ಟು ಕೊಳೆಯುವುದು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಎಂದಿಗೂ ಕಳುಹಿಸಕೂಡದು. ಮಳೆಗಾಲದಲ್ಲಿ ಕಿತ್ತ ಈರುಳ್ಳಿಯು ನೀರಿನಂಶ ಹೆಚ್ಚಾಗಿರುವ ಕಾರಣ ದೂರ ಪ್ರಯಾಣಕ್ಕೆ ಅಷ್ಟಾಗಿ ತಾಳದು.

ಕೊನೆಯದಾಗಿ ನಷ್ಟದ ವಿಚಾರ. ೨೦೨೩ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ, ಯೂರೋಪಿಗೆ ಹೋಗುವ ಅನೇಕ ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕ ಖಂಡವನ್ನೇ ಸುತ್ತಿ ಹೋಗಬೇಕಾಗಿ, ಪ್ರಯಾಣವು ಸುಮಾರು ಎರಡು ವಾರ ದೀರ್ಘವಾಯಿತು. ಅದೇ ವರ್ಷದ ಡಿಸೆಂಬರ್ ೮ರಿಂದ ೨೦೨೪ನೆಯ ಮೇ ೪ರವರೆಗೆ ಈರುಳ್ಳಿಯ ರಫ್ತಿಗೂ ನಿಷೇಧವಿದ್ದಿತು. ಇಂತಹ ಆಕಸ್ಮಿಕಗಳು ಬೇಸಾಯಗಾರನ ಕೈಮೀರಿದವುಗಳು. ಆದರೆ ಅವುಗಳಿಂದಾದ ನಷ್ಟವು ಯಾರ ತಲೆಯ ಮೇಲೆ ಬೀಳಬೇಕೆಂಬುದನ್ನು ಮೊದಲೇ ನಿಷ್ಕರ್ಷಿಸಿಕೊಳ್ಳುವುದು ಆತನ ಕೈಯಲ್ಲಿದೆ. ತೋಟದ ಬಾಗಿಲಿನಲ್ಲಿಯೇ ಬೆಲೆ ಕಟ್ಟಿ ಹಣ ಕೊಡುವ ಕರಾರು ಒಂದು ಬಗೆ. ಪರದೇಶದಲ್ಲಿ ಮಾರಿದ ಬಳಿಕ ಖರ್ಚು ಕಳೆದು ಉಳಿದುದನ್ನು ಕೊಡುವ ಕರಾರು ಮತ್ತೊಂದು ಬಗೆ. ಎರಡನೆಯದರಲ್ಲಿ ಹಣ್ಣು ಕೆಟ್ಟರೆ ನಷ್ಟವು ಬೆಳೆದವನದೇ. ಕೊಳವೆಬಾವಿಗೂ ಗಿಡಕ್ಕೂ ಸಾಲಮಾಡಿರುವ ಸಣ್ಣ ಹಿಡುವಳಿದಾರನು ಒಂದೇ ಪೆಟ್ಟಿಗೆಯನ್ನು ನಂಬಿ ಇಡೀ ವರ್ಷದ ಫಸಲನ್ನು ಸಮುದ್ರಕ್ಕೆ ಒಪ್ಪಿಸುವುದು ವಿವೇಕವಲ್ಲ. ಹಲವರು ಕೂಡಿ ಸಂಘವಾಗಿ ಹಣ್ಣನ್ನು ಆರಿಸಿ ಕಳುಹಿಸುವುದೂ, ಫಸಲಿನ ಒಂದು ಭಾಗವನ್ನು ಮಾತ್ರ ಹಡಗಿಗೆ ಇಟ್ಟು ಉಳಿದುದನ್ನು ದೇಶದೊಳಗಣ ಪೇಟೆಗಳಲ್ಲಿ ಮಾರುವುದೂ, ಸರಕಿಗೆ ವಿಮೆ ಮಾಡಿಸುವುದೂ ಉತ್ತಮ. ಕರಾರಿನ ಕಾಗದವನ್ನು ಓದಿಸಿ ತಿಳಿದುಕೊಂಡ ತರುವಾಯವೇ ಸಹಿ ಹಾಕುವುದು ಎಲ್ಲಕ್ಕಿಂತ ಅವಶ್ಯಕವಾದುದು.