ಒಂದೇ ಅಳತೆಗೋಲು

ಗತಕಾಲದ ಕೃತ್ಯಗಳಿಗೆ ಇತಿಹಾಸಕಾರನು ನೈತಿಕ ತೀರ್ಪು ನೀಡಬಹುದೇ? ಇಂಗ್ಲೆಂಡಿನ ಕಥೋಲಿಕ ಇತಿಹಾಸಕಾರ ಲಾರ್ಡ್ ಆಕ್ಟನ್ ಹೌದೆಂದರು. ಪೋಪ್ ಪೀಠದ ಇತಿಹಾಸ ಬರೆದ ಆಂಗ್ಲಿಕನ್ ವಿದ್ವಾಂಸ ಕ್ರೈಟನ್ ಅವರಿಗೆ 1887ರಲ್ಲಿ ಪತ್ರ ಬರೆದು, ಪೀಠವೆಷ್ಟೇ ಉನ್ನತವಾದರೂ ತಪ್ಪಿಗೆ ರಿಯಾಯಿತಿ ಸಲ್ಲದೆಂದು ವಾದಿಸಿದರು. ಇತಿಹಾಸಕಾರನ ಕಾರ್ಯ ಅರಿಯುವುದೇ ಹೊರತು ದಂಡಿಸುವುದಲ್ಲವೆಂದು 1931ರಲ್ಲಿ ಬಟರ್‌ಫೀಲ್ಡ್ ಆಕ್ಷೇಪಿಸಿದರು.

ಕೆನರಾದ ಕಥೋಲಿಕರಾದ ನಮಗೆ ಈ ಚರ್ಚೆ ದೂರದ್ದಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು ನಮ್ಮ ಪೂರ್ವಜರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದುದನ್ನು ಅನ್ಯಾಯವೆನ್ನುತ್ತೇವೆ. ಅದು ಅನ್ಯಾಯವೇ ಸರಿ. ಆದರೆ ಗೋವೆಯಲ್ಲಿ 1560ರಲ್ಲಿ ಆರಂಭವಾಗಿ 1812ರಲ್ಲಿ ಕೊನೆಗೊಂಡ ಇಂಕ್ವಿಜಿಷನ್ನನ್ನು ಮಾತ್ರ ಅಂದಿನ ಕಾಲಧರ್ಮವೆಂದು ಮನ್ನಿಸಿದರೆ, ನಮ್ಮ ತಕ್ಕಡಿ ಒಂದೇ ಕಡೆಗೆ ವಾಲಿದಂತಾಗುವುದಿಲ್ಲವೇ?

ಜಗದ್ಗುರು ಎರಡನೇ ಜಾನ್ ಪಾಲ್ ಅವರು 2000ದ ಮಾರ್ಚ್ 12ರಂದು, ಸತ್ಯದ ಸೇವೆಯ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಎಸಗಿದ ಪಾಪಗಳಿಗಾಗಿ ದೇವರ ಕ್ಷಮೆ ಯಾಚಿಸಿದರು. ತಪ್ಪನ್ನು ತಪ್ಪೆಂದು ಒಪ್ಪದೆ ಕ್ಷಮೆ ಬೇಡಲಾಗದು. ಅಂದಿನ ಕಾಲವನ್ನು ಅರಿಯೋಣ. ಗತಿಸಿದವರ ಅಂತರಂಗದ ತೀರ್ಪನ್ನು ದೇವರಿಗೆ ಬಿಡೋಣ. ಕೃತ್ಯವನ್ನು ಅಳೆಯುವ ಕೋಲು ಮಾತ್ರ ನಮಗೂ ಪರರಿಗೂ ಒಂದೇ ಆಗಿರಲಿ.