ಕಡಲಿಲ್ಲದ ಊರಿನ ಮೀನು ಮಾರುಕಟ್ಟೆ

ದಕ್ಷಿಣ ಕೊರಿಯಾದ ಬಂದರು ನಗರ ಬೂಸಾನಿಗೆ ಹೋದವರು ನೋಡದೆ ಬರದ ಜಾಗವೆಂದರೆ ಜಗಲ್ಚಿ ಮೀನು ಮಾರುಕಟ್ಟೆ. ಐವತ್ತರ ದಶಕದ ಯುದ್ಧದಲ್ಲಿ ಮನೆಮಠ ಬಿಟ್ಟು ಬಂದವರೆಲ್ಲ ಆ ಊರಿನಲ್ಲಿ ತುಂಬಿಕೊಂಡಾಗ ಬೆಳೆದ ಮಾರುಕಟ್ಟೆ ಅದು. ವ್ಯಾಪಾರದಲ್ಲಿ ಹೆಂಗಸರದ್ದೇ ಕಾರುಬಾರು. ಕೆಳಗೆ ಕೊಂಡ ಮೀನನ್ನು ಮೇಲಿನ ಮಹಡಿಯಲ್ಲಿ ಅಡುಗೆ ಮಾಡಿ ಬಡಿಸುತ್ತಾರೆ.

ಬೆಂಗಳೂರು ನೋಡಲು ಬಂದ ನೆಂಟರನ್ನು ನಾವು ಎಂದಾದರೂ ಮೀನು ಮಾರುಕಟ್ಟೆಗೆ ಕರೆದೊಯ್ದದ್ದುಂಟೆ? ಲಾಲ್‌ಬಾಗ್, ವಿಧಾನಸೌಧ, ಅರಮನೆ, ಸಂಜೆಗೊಂದು ಮಾಲ್. ಅಲ್ಲಿಗೆ ಊರು ನೋಡಿದಂತೆ. ಬಹಳ ವರ್ಷಗಳ ಮೇಲೆ ಮೊನ್ನೆ ಒಂದು ಬೆಳಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಹೊಕ್ಕು ಬಂದ ಮೇಲೆ ಆ ಪಟ್ಟಿಯನ್ನು ತಿದ್ದಬೇಕು ಅನ್ನಿಸಿದೆ.

ಪೇಟೆಯ ಹಳಬರಿಗೆ ಊರಿನ ಈ ಭಾಗವೆಲ್ಲ ‘ದಂಡು’. 1809ರಲ್ಲಿ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಕಡೆ ಬೀಡುಬಿಟ್ಟಾಗ ಹುಟ್ಟಿದ ಊರು. ಸೈನ್ಯದ ಹಿಂದೆಯೇ ತಮಿಳು ಸೀಮೆಯ ಗುತ್ತಿಗೆದಾರರು, ದಖನಿ ಮಾತಾಡುವ ವ್ಯಾಪಾರಿಗಳು, ಬಾಣಸಿಗರು, ದರ್ಜಿಗಳು ಬಂದರು. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದು ನಿಂತದ್ದೂ ಇಲ್ಲೇ. 1947ರ ಜುಲೈವರೆಗೂ ದಂಡಿನ ಆಡಳಿತ ಮೈಸೂರು ಸರ್ಕಾರದ ಕೈಯಲ್ಲಿರಲಿಲ್ಲ. ಚಿಕ್ಕಪೇಟೆಯವರು ‘ದಂಡಿಗೆ ಹೋಗಿ ಬರ್ತೀನಿ’ ಎಂದು ಪರವೂರಿಗೆ ಹೊರಟವರಂತೆ ಹೇಳುತ್ತಿದ್ದುದರಲ್ಲಿ ಅತಿಶಯವೇನೂ ಇರಲಿಲ್ಲ.

ಈ ಊರಿನ ಹೊಟ್ಟೆಗಾಗಿ ಕಟ್ಟಿದ್ದು ರಸೆಲ್ ಮಾರ್ಕೆಟ್. 1927ರಲ್ಲಿ ಎದ್ದ ಕಟ್ಟಡ; ಹೆಸರು ಅಂದಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರದು. 1933ರಲ್ಲಿ ಇದನ್ನು ಉದ್ಘಾಟಿಸಿದವರು ಉದ್ಯಮಿ, ದಾನಿ ಇಸ್ಮಾಯಿಲ್ ಸೇಟ್. ಹತ್ತಿರದ ಗೋಷಾ ಆಸ್ಪತ್ರೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಕಮಾನು, ಗೋಪುರಗಳ ಮುಂಭಾಗ ಚೆಂದವೇ ಚೆಂದ. ಆದರೆ ತಲೆಯೆತ್ತಿ ಅದನ್ನು ನೋಡುತ್ತ ನಿಂತರೆ ಹಿಂದಿನಿಂದ ತರಕಾರಿ ಗಾಡಿ ಬಂದು ಹಿಮ್ಮಡಿಗೆ ತಾಗುತ್ತದೆ. ಹೂವು, ಹಣ್ಣು, ಒಣಹಣ್ಣು, ಮಾಂಸ ಎಲ್ಲವೂ ಇಲ್ಲಿದೆ. ನನಗೆ ಬೇಕಾದದ್ದು ಮೀನಿನ ಸಾಲು.

ಬೆಂಗಳೂರಿನಿಂದ ಮಂಗಳೂರಿಗೂ ಸುಮಾರು 350 ಕಿಲೋಮೀಟರ್, ಚೆನ್ನೈಗೂ ಹೆಚ್ಚುಕಡಿಮೆ ಅಷ್ಟೇ. ಎರಡು ಕಡಲಿಗೂ ಸಮದೂರದಲ್ಲಿರುವ ಈ ಊರಿಗೆ ಮೀನು ಬರುವುದು ರಾತ್ರಿ ಲಾರಿಯಲ್ಲಿ, ಥರ್ಮೋಕೋಲ್ ಪೆಟ್ಟಿಗೆಯೊಳಗೆ, ಮಂಜುಗಡ್ಡೆಯ ಚೂರುಗಳ ನಡುವೆ. ಮಲ್ಪೆ, ಮಂಗಳೂರು ಕಡೆಯ ಬಂಗುಡೆ, ಬೂತಾಯಿ, ಅಂಜಲ್. ಪೂರ್ವ ಕರಾವಳಿಯ ಸಿಗಡಿ, ಏಡಿ. ಆಂಧ್ರದ ಕೆರೆಗಳಲ್ಲಿ ಸಾಕಿದ ರೋಹು, ಕಟ್ಲಾ. ಕರಾವಳಿಯವರು ಅಂಜಲ್ ಕೇಳುತ್ತಾರೆ, ಹಲಸೂರಿನ ತಮಿಳರು ವಂಜಿರಂ ಕೇಳುತ್ತಾರೆ. ಅಂಗಡಿಯವನು ಇಬ್ಬರಿಗೂ ಒಂದೇ ಮೀನನ್ನು ತೋರಿಸುತ್ತಾನೆ, ಬೆಲೆಯನ್ನೂ ಅವರವರ ಭಾಷೆಯಲ್ಲೇ ಹೇಳುತ್ತಾನೆ.

ಕಡಲು ದೂರವಿದ್ದರೂ ಕಡಲಿನ ಪಂಚಾಂಗ ಇಲ್ಲಿನವರಿಗೆ ಬಾಯಿಪಾಠ. ಮೀನು ಮರಿ ಮಾಡುವ ಕಾಲವೆಂದು ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದಲ್ಲ, ಪೂರ್ವ ಕರಾವಳಿಯಲ್ಲಿ ಅದು ಏಪ್ರಿಲ್ 15ರಿಂದ ಜೂನ್ 14, ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31. ಚೆನ್ನೈ ಕಡೆ ದೋಣಿ ನಿಂತಾಗ ಮಂಗಳೂರಿನ ಲಾರಿ ಕೈಹಿಡಿಯುತ್ತದೆ, ಮಂಗಳೂರಲ್ಲಿ ನಿಂತಾಗ ಚೆನ್ನೈಯದು. ಇಕ್ಕಟ್ಟಾಗುವುದು ಜೂನ್ ಮೊದಲ ಎರಡು ವಾರ. ಆಗ ಎರಡೂ ಕಡೆ ಬಾಗಿಲು ಹಾಕಿರುತ್ತದೆ. ಸಿಗುವುದು ನಾಡದೋಣಿಯವರು ತಂದಷ್ಟು, ಶೀತಲಗೃಹದಲ್ಲಿ ಉಳಿದಷ್ಟು, ಮತ್ತೆ ಅದೇ ರೋಹು, ಕಟ್ಲಾ. ಆ ದಿನಗಳಲ್ಲಿ ಅಂಜಲ್ ಬೆಲೆ ಕೇಳಿ ಸುಮ್ಮನೆ ಮುಂದೆ ಹೋಗುವವರೇ ಹೆಚ್ಚು.

ಕತ್ತರಿಸುವವರ ಕೈಚಳಕ ನೋಡಲೆಂದೇ ಅರ್ಧ ಗಂಟೆ ನಿಲ್ಲಬಹುದು. ಹುಣಸೆ ಮರದ ಕೊರಡು, ಅಗಲ ಅಲಗಿನ ಭಾರದ ಕತ್ತಿ. ‘ಸಾರಿಗಾ, ಫ್ರೈಗಾ?’ ಇಷ್ಟೇ ಪ್ರಶ್ನೆ. ಫ್ರೈಗೆ ಅಂದರೆ ತುಂಡು ತೆಳ್ಳಗೆ, ಸಾರಿಗೆ ಅಂದರೆ ದಪ್ಪ. ಮೊದಲು ಬಾಲದಿಂದ ತಲೆಯ ಕಡೆಗೆ ಹುರುಪೆ ಹೆರೆದು, ರೆಕ್ಕೆ ಕತ್ತರಿಸಿ, ಹೊಟ್ಟೆ ಸೀಳಿ ಒಂದೇ ಎಳೆತಕ್ಕೆ ಕರುಳು ತೆಗೆಯುತ್ತಾರೆ. ಕಣ್ಣು ಕತ್ತಿಯ ಮೇಲಿರುವುದಿಲ್ಲ, ಮುಂದಿನ ಗಿರಾಕಿಯ ಮೇಲಿರುತ್ತದೆ. ‘ತಲೆ ಹಾಕಲಾ?’ ಅಂದಾಗ ಬೇಡ ಅನ್ನಬೇಡಿ, ಸಾರಿಗೆ ರುಚಿ ಬರುವುದೇ ಅದರಿಂದ. ತಾಜಾ ಮೀನು ಹೌದೋ ಅಲ್ಲವೋ ತಿಳಿಯಲು ಕಿವಿರು ಎತ್ತಿ ನೋಡುವುದು ಗಿರಾಕಿಯ ಹಕ್ಕು. ಕೆಂಪಗಿದ್ದರೆ ಸರಿ, ಕಂದಿದ್ದರೆ ಬೇಡ. ಹೀಗೆ ಎತ್ತಿ ನೋಡುವವರನ್ನು ಕಂಡರೆ ಅಂಗಡಿಯವರಿಗೂ ಒಂದು ಗೌರವ.

2012ರ ಫೆಬ್ರವರಿಯಲ್ಲಿ ನಸುಕಿನ ಹೊತ್ತು ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿ ಸುಟ್ಟುಹೋದವು. ಅಲ್ಲಿಂದೀಚೆಗೆ ಕೆಡವಿ ಕಟ್ಟುವ ಮಾತು, ಪಾರಂಪರಿಕ ಕಟ್ಟಡವೆಂದು ಉಳಿಸುವ ಮಾತು ಎರಡೂ ಸರದಿಯಂತೆ ಬರುತ್ತವೆ. ಹೊರಗೋಡೆಗೆ ಬಣ್ಣ ಬಳಿದು ಒಳಗೆ ಕಾಫಿ ಅಂಗಡಿ ಇಡುವ ಉಳಿಸುವಿಕೆ ನನಗಂತೂ ಬೇಡ. ಈ ಕಟ್ಟಡಕ್ಕೆ ಬೇಕಾದ್ದು ಸರಿಯಾದ ವೈರಿಂಗ್, ನೀರು ನಿಲ್ಲದ ಚರಂಡಿ, ಸೋರದ ಸೂರು. ವ್ಯಾಪಾರ ನಡೆದರೆ ಮಾರುಕಟ್ಟೆ ಇರುತ್ತದೆ.

ಮಾರ್ಕೆಟ್ಟಿನಿಂದ ಹೊರಬಂದರೆ ಎದುರಿಗೇ ಸಂತ ಮೇರಿ ಬೆಸಿಲಿಕಾ. 1882ರ ಗಾಥಿಕ್ ಕಟ್ಟಡ, 1974ರಲ್ಲಿ ಬೆಸಿಲಿಕಾ ಪದವಿ ಸಿಕ್ಕಿತು. ಒಳಗಿನ ಮಾತೆಗೆ ಸೀರೆ ಉಡಿಸಿರುತ್ತಾರೆ. ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರ ಹಬ್ಬದವರೆಗೆ ಸುತ್ತಲ ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲ. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಮತದವರೂ ಇದ್ದಾರೆ. ರಂಜಾನ್ ತಿಂಗಳ ಸಂಜೆಗಳಲ್ಲಿ ಇದೇ ಬೀದಿಗಳಿಗೆ ಹಲೀಮ್, ಸಮೋಸಾ ತಿನ್ನಲು ಊರೇ ಬರುತ್ತದೆ. ಅದನ್ನು ಎಲ್ಲರೂ ಬರೆದಾಗಿದೆ, ನಾನು ಬೇರೆ ಬರೆಯುವುದಿಲ್ಲ.

ದಿನ ಉಳಿದಿದ್ದರೆ ಹಲಸೂರು. ದಂಡು ಬರುವುದಕ್ಕೆ ಶತಮಾನಗಳ ಮುಂಚಿನ ಊರು ಅದು. ವಿಜಯನಗರ ಶೈಲಿಯ ಸೋಮೇಶ್ವರ ಗುಡಿಯ ಮುಖಮಂಟಪದಲ್ಲಿ ಕಂಬ ಕಂಬವನ್ನೂ ಸುತ್ತಿ ನೋಡಬೇಕು. ಹೊರಗೋಡೆಯಲ್ಲಿ ಕೈಲಾಸ ಎತ್ತುವ ರಾವಣನಿದ್ದಾನೆ, ಗಿರಿಜಾ ಕಲ್ಯಾಣವಿದೆ. ಕೆರೆ ಎರಡನೇ ಕೆಂಪೇಗೌಡರ ಕಾಲದ್ದೆಂದು ಪ್ರತೀತಿ. ಅದರ ದಂಡೆಗೆ ಮದ್ರಾಸ್ ಸ್ಯಾಪರ್ಸ್ ಸೈನ್ಯದ ನೆಲೆ, ಸಿಖ್ಖರ ಗುರುದ್ವಾರ.

ತೊಡಕು ಒಂದೇ. ಒಳ್ಳೆಯ ಮೀನು ಬೇಕಾದರೆ ಬೆಳಗ್ಗೆಯೇ ಕೊಳ್ಳಬೇಕು, ಮೀನಿನ ಚೀಲ ಹಿಡಿದು ಗುಡಿಯೊಳಗೆ ಹೋಗುವಂತಿಲ್ಲ. ಪರಿಚಯದ ಅಂಗಡಿಯಿದ್ದರೆ ದುಡ್ಡು ಕೊಟ್ಟು ಮಂಜುಗಡ್ಡೆಯಲ್ಲಿ ತೆಗೆದಿಡಲು ಹೇಳಿ, ಹಲಸೂರು ಸುತ್ತಿ ಬಂದು ಒಯ್ಯಿರಿ. ಪರಿಚಯ ಇಲ್ಲದಿದ್ದರೆ ಎರಡು ಭಾನುವಾರ ಹೋಗಿ ಕಿವಿರು ಎತ್ತಿ ನೋಡಿ, ಆಗುತ್ತದೆ.